ಅತ್ತಿಗೆಯ ಊರಿಗೊಂದು ಲೈಸೆನ್ಸ್

ಏಪ್ರಿಲ್ 4

ಇವತ್ತೂ ಏರಿನಲ್ಲಿ ಕಾರು ಆಫ್. ಕ್ಲಚ್ ಬಿಟ್ಟರೆ ಕೆಮ್ಮುತ್ತದೆ, ಒತ್ತಿದರೆ ಹಿಂದಕ್ಕೆ ಜಾರುತ್ತದೆ. ಮುಕಾಷ್ ಮೇಷ್ಟ್ರು ಸೂರ್ಯಕಾಂತಿ ಬೀಜದ ಸಿಪ್ಪೆ ಕಿಟಕಿಯಾಚೆ ಉಗುಳುತ್ತ, "ಬುರುಲ್, ಇದು ಕುದುರೆ ಅಲ್ಲಮ್ಮ, ಒದ್ದರೆ ಓಡೋಕೆ" ಎಂದರು. ಹಿಂದಿನ ಸೀಟಿನ ಹುಡುಗರಿಗೆ ನಗು.

ಆಮೇಲೆ ಇದ್ದಕ್ಕಿದ್ದ ಹಾಗೆ— "ನೀನು ಅಟ್‌ಬಾಶಿ ಊರಿನ ಗುಲ್ಸುನ್ ಮಗಳಲ್ವಾ? ಅವಳೂ ನನ್ನ ಹತ್ರಾನೇ ಕಲಿತದ್ದು. ಹೀಗೇ ತುಟಿ ಕಚ್ಕೊಂಡು ಕೂರ್ತಿದ್ಲು."

"ಅವರು ನಮ್ಮ ಅತ್ತಿಗೆ, ಮೇಷ್ಟ್ರೇ."

ಮೇಷ್ಟ್ರು ಇನ್ನೊಂದು ಹಿಡಿ ಬೀಜ ಬಾಯಿಗೆ ಹಾಕಿಕೊಂಡರು. ನಮ್ಮ ನಾರಿನ್ ಊರಿನಲ್ಲಿ ಇದು ಯಾರಿಗೆ ಗೊತ್ತಿಲ್ಲ? ಚೊಚ್ಚಲ ಮಗುವನ್ನು ಗಂಡನ ತಂದೆತಾಯಿಗೆ ಕೊಡುವುದು ಹೊಸದಲ್ಲ. ನನ್ನನ್ನೂ ಕೊಟ್ಟರು. ಅಜ್ಜ ಅಟಾ ಆದ, ಅಜ್ಜಿ ಅಪಾ ಆದಳು... ಅಪ್ಪ, ಅಮ್ಮ. ಹೆತ್ತಪ್ಪ ಅಣ್ಣನಾದ, ಹೆತ್ತವಳು ಅತ್ತಿಗೆ.

ತುಟಿ ಕಚ್ಚುತ್ತೇನೆಂದು ನನಗೇ ಗೊತ್ತಿರಲಿಲ್ಲ. ಮನೆಗೆ ಬಂದು ಕನ್ನಡಿ ನೋಡಿಕೊಂಡೆ.

ಏಪ್ರಿಲ್ 11

ಅಪಾ ಹಿಟ್ಟು ನಾದುತ್ತ ಕೇಳಿದಳು.

"ಕಾರು ಕಲಿತು ಎಲ್ಲಿಗೆ ಹೋಗ್ತೀಯ?"

"ನಿನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ."

"ನಂಗ್ಯಾವ ದೊಡ್ಡ ರೋಗ ಬಂದಿದೆ? ಅಟ್‌ಬಾಶಿಗೆ ಅನ್ನು."

ಹಿಟ್ಟಿಗೆ ಏಟು ಜೋರಾಯಿತು.

ನಿಜವೇ. ವ್ಯಾನಿನಲ್ಲಿ ಹೋದರೆ ಸಂಜೆಯ ಕೊನೇ ವ್ಯಾನಿಗೆ ಏಳಬೇಕು. ಅತ್ತಿಗೆ ನನ್ನ ಬಟ್ಟಲಿಗೆ ಚಹಾ ಸ್ವಲ್ಪಸ್ವಲ್ಪವೇ ಸುರಿಯುತ್ತಾಳೆ, ಮತ್ತೆ ಮತ್ತೆ ಸುರಿಯಬಹುದೆಂದು. ಅಷ್ಟರಲ್ಲಿ ಹೊರಗೆ ಹಾರನ್. ಇನ್ನೊಂದು ಗಳಿಗೆ ಕೂರು ಎಂದು ಅವಳು ಒಮ್ಮೆಯೂ ಹೇಳಿಲ್ಲ. ಪಕ್ಕದಲ್ಲಿ ಅಪಾ ಇರುತ್ತಾಳಲ್ಲ...

ಅಟಾ ತೀರಿಕೊಂಡ ಮೇಲೆ ಅವನ ಕಾರು ಶೆಡ್‌ನಲ್ಲೇ ನಿಂತಿದೆ. ಹಾರನ್ ಇಲ್ಲದ ಒಂದು ಸಂಜೆ ಸಾಕು ನನಗೆ.

ಏಪ್ರಿಲ್ 22

ಫೇಲ್.

ಪ್ರಶ್ನೆಗಳೆಲ್ಲ ಸರಿಯಾದವು. ರಿವರ್ಸ್ ಸರಿಯಾಯಿತು. ಏರಿನಲ್ಲಿ ಜಾರಿದೆ, ಗೆರೆ ದಾಟಿತು. ಪರೀಕ್ಷಕ ತಲೆಯೆತ್ತದೆ "ಮುಂದಿನ ತಿಂಗಳು ಬಾ" ಎಂದ.

ಅಪಾ ಬೋರ್ಸೋಕ್ ಹಿಟ್ಟಿನುಂಡೆ ಕರಿದಿದ್ದಳು, ಹಬ್ಬಕ್ಕೆ ಕರಿದಷ್ಟು. "ಹೋಗ್ಲಿ ಬಿಡು, ನಮಗ್ಯಾಕೆ ಕಾರು." ದನಿಯಲ್ಲಿ ಎಂಥ ಖುಷಿ! ಸಿಟ್ಟು ಬಂತು, ತಿನ್ನಲಿಲ್ಲ. ಆಮೇಲೆ ತಿಂದೆ. ಬಿಸಿಬಿಸಿ ಇತ್ತು.

ಸಂಜೆ ಅತ್ತಿಗೆಯ ಫೋನ್. ಯಾರು ಹೇಳಿದರೋ.

"ಏರಲ್ಲಿ ಕಣ್ಣು ನಂಬಬೇಡ, ಕಿವಿ ಕೊಡು. ಇಂಜಿನ್ ಸದ್ದು ದಪ್ಪ ಆಗುತ್ತೆ ನೋಡು, ಆವಾಗ ಬ್ರೇಕ್ ಬಿಡು."

"ಹೂಂ, ಅತ್ತಿಗೆ."

"ನಾನೂ ಮೊದಲ್ನೇ ಸಲ ಫೇಲೇ."

ಫೋನ್ ಇಬ್ಬರೂ ಇಡಲಿಲ್ಲ. ಅಲ್ಲಿ ಕರು ಕೂಗುತ್ತಿತ್ತು, ಅದನ್ನೇ ಕೇಳುತ್ತ ನಿಂತಿದ್ದೆ.

ಮೇ 20

ಪಾಸ್!

ಸದ್ದು ದಪ್ಪವಾಯಿತು. ಬ್ರೇಕ್ ಬಿಟ್ಟೆ. ಕಾರು ತಾನಾಗಿ ಏರಿತು.

ಮನೆಗೆ ಬಂದು ಕಾರ್ಡ್ ತೋರಿಸಿದೆ. ಅಪಾ "ಹೂಂ" ಎಂದು ಕೊಟ್ಟಿಗೆಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಆಗಲೇ ಹಾಲು ಕರೆದಾಗಿತ್ತು, ಅಲ್ಲಿ ಮಾಡುವಂಥದ್ದೇನೂ ಇರಲಿಲ್ಲ.

ಮೇ 21, ಸಂಜೆ. ಅಟ್‌ಬಾಶಿ

ಬೆಳಿಗ್ಗೆ ಎದ್ದು ನೋಡಿದರೆ ಅಪಾ ಬಿಳಿ ರುಮಾಲು ಕಟ್ಟಿಕೊಂಡು ಅಟಾನ ಕಾರಿನಲ್ಲಿ ಕೂತಿದ್ದಾಳೆ.

"ನಡಿ. ಬಿಸಿಲೇರೋಕೆ ಮುಂಚೆ ಘಾಟಿ ದಾಟೋಣ."

ಎಲ್ಲಿಗೆ ಎಂದು ಕೇಳದೆ ಕಾರು ಸ್ಟಾರ್ಟ್ ಮಾಡಿದೆ. ತಿರುವುಗಳಲ್ಲಿ ಅವಳು ಬಾಗಿಲಿನ ಹಿಡಿಗೆ ಜೋತುಬಿದ್ದಿದ್ದಳು. ಘಾಟಿಯ ನೆತ್ತಿಯಲ್ಲಿ ಬಾಯಿ ಬಿಟ್ಟಳು.

"ನಿನ್ನ ಎತ್ಕೊಂಡು ಬಂದಿದ್ದೂ ಇದೇ ದಾರೀಲಿ. ಅವಳು ಬಾಗಿಲ ತನಕಾನೂ ಬರ್ಲಿಲ್ಲ. ಎದೆಹಾಲು ಕಟ್ಟಿ ಜ್ವರ ಬಂದಿತ್ತಂತೆ, ಆಮೇಲೆ ಗೊತ್ತಾಯ್ತು."

"ಈಗ್ಯಾಕೆ ಹೇಳ್ತೀಯ ಅಪಾ?"

"ತಪ್ಪಾಯ್ತು ಅಂತೇನೂ ಅಲ್ಲ. ಇನ್ನೊಂದ್ಸಲ ಕೊಟ್ರೂ ತಗೊಂಡು ಬರ್ತೀನಿ." ಮೂಗು ಒರೆಸಿಕೊಂಡಳು. "ರೋಡ್ ನೋಡು ನೀನು!"

ಅತ್ತಿಗೆ ಹಾಲಿನ ಬಕೆಟ್ ಹಿಡಿದೇ ಅಂಗಳಕ್ಕೆ ಬಂದಳು. ಬಿಸಿಲು ಗಾಜಿಗೆ ಹೊಡೆಯುತ್ತಿತ್ತು, ಒಳಗಿದ್ದ ನಾನು ಅವಳಿಗೆ ಕಂಡಿರಲಿಕ್ಕಿಲ್ಲ. ಅಪಾ ಕೆಳಗಿಳಿಯುತ್ತಿದ್ದುದನ್ನು ನೋಡಿ ಕೇಳಿದಳು.

"ಯಾರು ಓಡಿಸ್ಕೊಂಡು ಬಂದ್ರು ಅತ್ತೆ?"

ಅಪಾ ಲಂಗದ ಧೂಳು ಕೊಡವಿದಳು. ಮತ್ತೊಮ್ಮೆ ಕೊಡವಿದಳು.

"ನಿನ್ನ ಮಗಳು."

ಅಂಗಳವೆಲ್ಲ ಖಾಲಿಯಿತ್ತು. ಆದರೂ ಅತ್ತಿಗೆ ಬಕೆಟ್ ಇಡಲು ಜಾಗ ಹುಡುಕುತ್ತಲೇ ಇದ್ದಳು.

ಅಪಾಳ ಮಾತ್ರೆ ತರಲೆಂದು ಕಾರಿಗೆ ಬಂದವಳು ಇಲ್ಲೇ ಕೂತು ಬರೆಯುತ್ತಿದ್ದೇನೆ. ಅಪಾ ಒಳಗೆ ಹಾಸಿಗೆ ಹಾಕಿಸಿಕೊಂಡು ಮಲಗಿದ್ದಾಳೆ, ಇವತ್ತು ಏಳುವ ಹಾಗಿಲ್ಲ. ಅತ್ತಿಗೆ ಹೊಸ್ತಿಲಿಗೆ ಬಂದು ನಿಂತಳು. ಕರೆಯುತ್ತಿಲ್ಲ. ಸುಮ್ಮನೆ ನೋಡುತ್ತಿದ್ದಾಳೆ, ತುಟಿ ಕಚ್ಚಿಕೊಂಡು. ನಾನೇ ಮೊದಲು ಕರೆಯಬೇಕು. ಏನೆಂದು ಕರೆಯಲಿ? ಅತ್ತಿಗೆ ಎಂದೇ, ಅಥವಾ—