ಫ್ಯಾನಿನ ದೀಪ ಕೆಂಪಾದ ಸಂಜೆ

೧೪ ಮಾರ್ಚ್, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ನೀವು ‘ಮಗೂಗೆ ಕೊಡು’ ಅನ್ನುತ್ತೀರಿ. ಕಾಗದವಾದರೆ ಕೊನೆಯವರೆಗೂ ನಾನೇ ಮಾತಾಡಬಹುದು.

ಮಗು ಚೆನ್ನಾಗಿದ್ದಾನೆ. ಎಂಟು ದಿನದಿಂದ ಮೂಗಿಗೆ ಮಾಸ್ಕ್ ಹಿಡಿದು ಔಷಧಿಯ ಹಬೆ ಕೊಡುವ ಪ್ರಮೇಯ ಬಂದಿಲ್ಲ. ಅವನ ಉಬ್ಬಸಕ್ಕೆಂದು ತಂದೆವಲ್ಲ, ಗಾಳಿ ಶುದ್ಧ ಮಾಡುವ ಆ ಹೊಸ ಫ್ಯಾನು, ಅದರ ಮುಂದೆ ಕೂತು ನೀವು ಕಲಿಸಿದ ಹಾಗೆ ‘ಆ...’ ಎಂದು ರಾಗ ಎಳೆಯುತ್ತಾನೆ. ತನ್ನ ದನಿ ನಡುಗುವುದು ಕೇಳಿ ಬಿದ್ದು ಬಿದ್ದು ನಗುತ್ತಾನೆ. ಆಮೇಲೆ ಅಜ್ಜಿ ಯಾವಾಗ ಬರ್ತಾಳೆ ಎಂದು ಕೇಳುತ್ತಾನೆ.

ಆ ಶನಿವಾರ ಸಂಜೆಯ ವಿಷಯ ಹೇಳಿಬಿಡುತ್ತೇನೆ. ನೀವು ಸ್ನಾನ ಮಾಡಿ, ಪೌಡರ್ ಹಾಕಿಕೊಂಡು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಿರಿ. ನಾನು ಡ್ರೈ ಕ್ಲೀನಿಂಗ್ ಅಂಗಡಿಯಿಂದ ಬಂದವಳು ಕೆಲಸದ ಕೋಟನ್ನೂ ತೆಗೆಯದೆ ನಿಮ್ಮ ಪಕ್ಕದಲ್ಲೇ ಕುಸಿದು ಕೂತೆ. ಗಾಳಿ ಕೆಟ್ಟಿದೆ ಎಂದು ಫ್ಯಾನಿನ ಹಸಿರು ದೀಪ ಕೆಂಪಾಯಿತು, ಅದು ಬುಸುಗುಟ್ಟತೊಡಗಿತು. ನಮ್ಮನ್ನು ನೋಡಲು ಬಂದಿದ್ದ ನಿಮ್ಮ ತಂಗಿ ನಕ್ಕುಬಿಟ್ಟರು.

“ಅಕ್ಕಾ, ನಿನ್ನ ಪೌಡರಿಗೆ ಮಷಿನ್ನಿಗೇ ಉಬ್ಬಸ ಬಂತು ನೋಡು. ಮಗೂನ ಕೆಳಗಿಳಿಸು.”

ನೀವು ನನ್ನ ಮುಖ ನೋಡಿದಿರಿ. ನಾನು ಮಗುವನ್ನು ನಿಮ್ಮ ತೊಡೆಯಿಂದ ಎತ್ತಿಕೊಂಡೆ. ಮರುದಿನವೇ ನೀವು ಬಟ್ಟೆ ಜೋಡಿಸಿಕೊಂಡು ಅವರ ಜೊತೆ ಅವರ ಮನೆಗೆ ಹೊರಟಿರಿ.

ಅತ್ತೆ, ದೀಪ ಕೆಂಪಾದದ್ದು ನನ್ನಿಂದ. ನನಗದು ಆಗಲೇ ಗೊತ್ತಿತ್ತು. ಎರಡು ದಿನ ಮುಂಚೆ ನೀವೂ ಮಗುವೂ ಪಾರ್ಕಿಗೆ ಹೋಗಿದ್ದಾಗ ಪರೀಕ್ಷೆ ಮಾಡಿ ನೋಡಿದ್ದೆ. ಅಂಗಡಿಯ ಕೋಟನ್ನು ಬಾಗಿಲ ಹಿಂದೆ ತೂಗುಹಾಕಿದರೆ ಕೆಂಪು, ಬಾಲ್ಕನಿಗೆ ಒಯ್ದರೆ ಸ್ವಲ್ಪ ಹೊತ್ತಿಗೆ ಹಸಿರು. ಕಲೆ ತೆಗೆಯುವ ದ್ರಾವಣದ ಘಾಟು ನನ್ನ ಮೈಮೇಲೆ ಮನೆಗೆ ಬರುತ್ತಿತ್ತು. ಬಾಯಿ ಬಿಟ್ಟರೆ ಎಲ್ಲರೂ ಕೆಲಸ ಬಿಡು ಅನ್ನುತ್ತಾರೆಂದು ಹೆದರಿದೆ. ನಾನು ಕೆಲಸಕ್ಕೆ ಹೋಗಲೆಂದೇ ಮೂರು ವರ್ಷ, ಸೊಂಟ ನೋಯುತ್ತಿದ್ದರೂ, ಮಗುವನ್ನು ಎತ್ತಿ ಆಡಿಸಿದವರು ನೀವು. ತಪ್ಪನ್ನು ನಿಮ್ಮ ತಲೆಗೇ ಕಟ್ಟಿ ಸುಮ್ಮನಾದೆ.

ನೀವು ಹೋದ ವಾರವೇ ಮಾಲೀಕರನ್ನು ಕೇಳಿಕೊಂಡು, ಗಿರಾಕಿಗಳ ಬಟ್ಟೆ ತೆಗೆದುಕೊಂಡು ಚೀಟಿ ಬರೆಯುವ ಕೌಂಟರಿನ ಕೆಲಸಕ್ಕೆ ಬಂದೆ. ಕೋಟು ಈಗ ಅಂಗಡಿಯಲ್ಲೇ ಇರುತ್ತದೆ. ಸ್ನಾನ ಮಾಡದೆ ಮಗುವನ್ನು ಮುಟ್ಟುವುದಿಲ್ಲ. ನಿಮ್ಮ ಪೌಡರಿಗೂ ಆ ದೀಪ ಒಂದಿಷ್ಟು ಹಳದಿಯಾಗುವುದು ನಿಜ, ಸುಳ್ಳು ಹೇಳಲಾರೆ. ಬಚ್ಚಲುಮನೆಯಲ್ಲೇ ಹಾಕಿಕೊಂಡು ಬಂದರಾಯಿತು.

ನಿನ್ನೆ ನಿಮ್ಮ ಮಗನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. “ಅಮ್ಮಂಗೆ ಹೇಳಿದ್ಯಾ?” ಎಂದಷ್ಟೇ ಕೇಳಿ, ಕಾಗದ ಪೆನ್ನು ತಂದಿಟ್ಟರು.

ನನ್ನನ್ನು ಬೈಯಬೇಕು ಅನ್ನಿಸಿದರೆ ದಯವಿಟ್ಟು ಇಲ್ಲಿಗೇ ಬಂದು ಬೈಯಿರಿ.

ಇಂತಿ, ನಿಮ್ಮ ದಾರಿ ಕಾಯುತ್ತಿರುವ
ಸೊಸೆ

ಪುನಶ್ಚ: ಇಷ್ಟು ಸಣ್ಣ ಅಕ್ಷರ ನಿಮಗೆ ಕನ್ನಡಕ ಹಾಕಿದರೂ ಕಾಣದು, ನಿಮ್ಮ ತಂಗಿಯೇ ಗಟ್ಟಿಯಾಗಿ ಓದಿ ಹೇಳುತ್ತಿರುತ್ತಾರೆ. ದೊಡ್ಡದಾಗಿ ಬರೆಯಬಹುದಿತ್ತು. ಅಂದು ಅವರೆದುರೇ ನಿಮ್ಮ ತಲೆ ತಗ್ಗುವ ಹಾಗೆ ಮಾಡಿದೆ. ನನ್ನ ತಪ್ಪು ಅವರ ಬಾಯಿಂದಲೇ ನಿಮ್ಮ ಕಿವಿಗೆ ಬೀಳಲಿ ಎಂದು, ಬೇಕೆಂದೇ ಸಣ್ಣಗೆ ಬರೆದೆ.