ಸತ್ತರೆ ಮಾತ್ರ ರಜೆ

ಅಕ್ಟೋಬರ್ 22

ಬೆಳಿಗ್ಗೆ ಮತ್ತೆ ಮೂಲಂಗಿ ಸಾರು. ಮಧ್ಯಾಹ್ನವೂ ಅದೇ ಅಂತ ಹ್ವಾಜಾ ಟೀಚರ್ ಪಂಥ ಕಟ್ಟಿದರು. ಗೆದ್ದರು. ನನ್ನ ರೂಮ್‌ಮೇಟು. ದೇಗು ಕಡೆಯವರು, ಗಣಿತದವರು. ಗೊರಕೆ ಹೊಡೆಯುತ್ತಾರೆ, ಒಪ್ಪಿಕೊಳ್ಳುವುದಿಲ್ಲ.

ಕಿಟಕಿಗಳಿಗೆಲ್ಲ ಕಾಗದ ಅಂಟಿಸಿದ್ದಾರೆ. ಬೆಟ್ಟದ ಮೇಲಿನ ಯಾವುದೋ ರೆಸಾರ್ಟು, ಊರಿನ ಹೆಸರು ನಮಗೂ ಹೇಳಿಲ್ಲ. ಫೋನ್ ಇಲ್ಲ. ಅಡುಗೆಮನೆ ಕಸವನ್ನೂ ಕೆದಕಿ ನೋಡಿಯೇ ಆಚೆಗೆ ಬಿಡುತ್ತಾರೆ. ನವೆಂಬರ್ ಹದಿನೇಳಕ್ಕೆ ಸುನುಂಗ್, ಕಾಲೇಜು ಪ್ರವೇಶದ ಪರೀಕ್ಷೆ. ದೇಶದ ಆರು ಲಕ್ಷ ಮಕ್ಕಳ ಹಣೆಬರಹ ಒಂದೇ ದಿನ. ಪ್ರಶ್ನೆ ತೆಗೆಯುವವರು, ಅದನ್ನು ತಿದ್ದುವ ನಾವು — ಆ ಸಂಜೆಯವರೆಗೆ ಯಾರೂ ಹೊರಗೆ ಹೋಗುವಂತಿಲ್ಲ.

ಮನೆಯಲ್ಲಿ ಟ್ರೈನಿಂಗ್ ಅಂತ ಸುಳ್ಳು ಹೇಳಿ ಬಂದಿದ್ದೇನೆ. ಹಾಗೇ ಹೇಳಬೇಕಂತೆ. ಮಾರ್ಚ್‌ನಲ್ಲಿ ಸ್ಟ್ರೋಕ್ ಆದಾಗಿನಿಂದ ಅಮ್ಮ ಆಸ್ಪತ್ರೆಯಲ್ಲೇ. ಮಾತು ತೊದಲು, ನೆನಪೂ ಹಿಂದೆ ಮುಂದೆ.

"ಯಾವಾಗ ಬರ್ತೀ?" ಅಂದಳು.

"ಚಳಿಗಾಲಕ್ಕೆ ಕೋಸಿನ ಕಿಮ್ಚಿ ಹಾಕೋದ್ರೊಳಗೆ ಬಂದ್ಬಿಡ್ತೀನಿ."

"ಕೋಸು ನಾನೇ ಆರಿಸ್ತೀನಿ. ನಿಂಗೇನು ಗೊತ್ತಾಗುತ್ತೆ, ಮಣ್ಣು."

ಅಕ್ಟೋಬರ್ 27

ಇವತ್ತು ಗೆದ್ದೆ. ಭಾಷೆಯ ಪತ್ರಿಕೆಯಲ್ಲಿ ಸ್ಕೀ ಮಾಡುವವನ ಬಗ್ಗೆ ಒಂದು ಗದ್ಯಭಾಗ ಇತ್ತು. ಮಗುವಿನ ಹಾಗೆ ಕೂತು ಬಿಡಿಸಿ ನೋಡುವುದೇ ನನ್ನ ಕೆಲಸ. ಸ್ಕೀ ಕಾಲಿಗೆ ಕಟ್ಟಿದ ಮಗು ಒಂದು ಸಲ ಓದಿದರೆ ಸಾಕು, ಕಟ್ಟದ ಮಗು ಎರಡು ಸಲ ಓದಬೇಕು ಅಂದೆ. ನಮ್ಮ ಮುಖ್ಯಸ್ಥರು, ಪ್ರೊಫೆಸರ್ ನಾಮ್, ಮುಖ ಸಿಂಡರಿಸಿದರು. ಆದರೆ ತೆಗೆದುಹಾಕಿದರು.

ರೂಮಿಗೆ ಬಂದರೆ ಹ್ವಾಜಾ ಟೀಚರ್ ಶುರು ಹಚ್ಚಿಕೊಂಡರು. "ಸ್ಕೀ ತೆಗೆಸಿದ್ರಿ, ಸರಿ. ಟ್ಯೂಷನ್ ತೆಗೆಸಿ ನೋಡೋಣ?"

"ಸಮುದ್ರದ ಸಿಂಪಿ ಚಿಪ್ಪು ಬಿಡಿಸೋ ಶೆಡ್ಡಿನವಳ ಮಗಳು ನಾನು. ಕ್ಲಾಸಲ್ಲಿ ನನ್ನ ಪಕ್ಕ ಯಾರೂ ಕೂರ್ತಿರಲಿಲ್ಲ, ವಾಸನೆ ಅಂತ. ಉತ್ತರಪತ್ರಿಕೆ ಓದೋ ಮೆಷಿನ್ನಿಗೆ ಮೂಗಿಲ್ಲ ಟೀಚರ್. ಅದಕ್ಕೇ ನಾನಿಲ್ಲಿದ್ದೀನಿ."

"ಮೂಗಿಲ್ಲ, ನಿಜ. ಕಣ್ಣೂ ಇಲ್ಲ."

ಗ್ಯೂಸಿಕ್ ನೆನಪಾದ. ನನ್ನ ತಮ್ಮ. ಅದೇ ಮನೆ, ಅದೇ ಅನ್ನ, ನನಗಿಂತ ಚುರುಕು. ಮೂರು ಸಲ ಬರೆದ. ಮೂರನೆಯ ಸಲ ಉತ್ತರದ ವೃತ್ತಕ್ಕೆ ಮಸಿ ತುಂಬಲು ಪೆನ್ನೇ ಏಳದೆ ಮಧ್ಯದಲ್ಲೇ ಎದ್ದು ಬಂದ. ಈಗ ತೊಂಗ್ಯೊಂಗ್‌ನಲ್ಲಿ ಮೀನಿನ ಲಾರಿ ಓಡಿಸುತ್ತಾನೆ. ಅಮ್ಮನ್ನ ನೋಡಿಕೊಳ್ಳುವವನೂ ಅವನೇ. ನವೆಂಬರ್ ಬಂತೆಂದರೆ ಮನೆಯಲ್ಲಿ ಟಿ.ವಿ. ಹಾಕುವುದಿಲ್ಲ.

ನಾನಿಲ್ಲಿರುವುದು ಅವನಿಗೆ ಗೊತ್ತಾದರೆ... ಬೇಡ.

ನವೆಂಬರ್ 2, ಸಂಜೆ

ಆಫೀಸಿಗೆ ಕರೆದರು. ತುರ್ತಿಗೆ ಅಂತ ಮನೆಯವರಿಗೆ ಒಂದು ನಂಬರ್ ಕೊಟ್ಟಿರುತ್ತಾರಲ್ಲ, ಗ್ಯೂಸಿಕ್ ಅದಕ್ಕೆ ಫೋನ್ ಮಾಡಿದ್ದಾನೆ. ಅಮ್ಮನಿಗೆ ಮತ್ತೆ ಸ್ಟ್ರೋಕ್. ಡಾಕ್ಟರು ಕೈಚೆಲ್ಲಿದ್ದಾರೆ. ಇನ್ನು ಕೆಲವೇ ದಿನ ಅಂತೆ.

ಪ್ರೊಫೆಸರ್ ನಾಮ್ ಬಾರ್ಲಿ ಟೀ ಬಗ್ಗಿಸಿಕೊಟ್ಟರು. ಬಿಡುವುದಿಲ್ಲ ಅಂತ ಆಗಲೇ ಗೊತ್ತಾಯಿತು.

"ನಿಯಮ ನಿಮಗೂ ಗೊತ್ತಲ್ಲ ಟೀಚರ್. ತಂದೆ ತಾಯಿ ತೀರಿಕೊಂಡ್ರೆ ಮಾತ್ರ."

"ಒಂದು ಗಂಟೆ ಸಾಕು ಸರ್. ಪೊಲೀಸರು ಪಕ್ಕದಲ್ಲೇ ನಿಂತಿರ್ಲಿ."

"ಹುಷಾರಿಲ್ಲ ಅಂತ ಒಬ್ರನ್ನ ಬಿಟ್ರೆ, ನಾಳೆ ಹತ್ತು ಜನರ ಅಮ್ಮಂದಿರಿಗೆ ಹುಷಾರಿರಲ್ಲ."

"ಫೋನಾದ್ರೂ?"

ತಲೆ ಅಲ್ಲಾಡಿಸಿದರು. ಅವರ ಕಣ್ಣೂ ಕೆಂಪಗಿತ್ತು, ಸುಳ್ಳು ಹೇಳಬಾರದು.

ಸತ್ತರೆ ಬಿಡುತ್ತಾರೆ. ಸಾಯುತ್ತಿದ್ದರೆ ಬಿಡುವುದಿಲ್ಲ.

ನಿಯಮ ಸರಿ — ಅದೇ ಸಂಕಟ. ಈ ಪರೀಕ್ಷೆ ಮಂತ್ರಿ ಮಗನಿಗೂ ಬಗ್ಗಲ್ಲ ಅಂತ ಪ್ರತಿ ವರ್ಷ ಕ್ಲಾಸಿನಲ್ಲಿ ಎದೆಯುಬ್ಬಿಸಿ ಹೇಳುವವಳು ನಾನೇ. ಇವತ್ತು ನನಗೂ ಬಗ್ಗಲಿಲ್ಲ. ಟೀ ಕುಡಿಯದೆ ಎದ್ದು ಬಂದೆ.

ನವೆಂಬರ್ 4

ಆಫೀಸಿನ ಬಾಗಿಲು ಕಿರ್ರೆಂದರೆ ಎದ್ದು ನಿಲ್ಲುತ್ತೇನೆ. ಯಾರೂ ಕರೆಯದಿದ್ದರೆ ಅಮ್ಮ ಇದ್ದಾಳೆ ಅಂತ ಅರ್ಥ.

ಮಧ್ಯಾಹ್ನ ಒಂದು ಗಳಿಗೆ, ಕರೆಯಬಾರದೇ ಅನ್ನಿಸಿತು. ಕರೆದರೆ ತಾನೇ ಮುಖ ನೋಡಲು ಸಿಗುವುದು.

ಥೂ, ನನ್ನ ಜನ್ಮಕ್ಕೆ.

ನವೆಂಬರ್ 7

ಕರೆದರು.

ನವೆಂಬರ್ 8

ಒಂದೇ ಮಧ್ಯಾಹ್ನದ ಮಟ್ಟಿಗೆ ಬಿಟ್ಟಿದ್ದರು. ಜೊತೆಗೆ ಬೋಂಗ್ ಅಂತ ಒಬ್ಬಳು ಪೊಲೀಸ್ ಹುಡುಗಿ, ಮಫ್ತಿಯಲ್ಲಿ, ಯಾರದ್ದೋ ಕರಿ ಸ್ವೆಟರು ಹಾಕಿಕೊಂಡು. ನಾನು ಬಚ್ಚಲಿಗೆ ಹೋದರೂ ಬಾಗಿಲಲ್ಲಿ ನಿಲ್ಲುತ್ತಾಳೆ.

ಆಸ್ಪತ್ರೆಯ ನೆಲಮಾಳಿಗೆ, ಸತ್ತವರಿಗೆ ನಮಸ್ಕರಿಸಲು ಜನ ಸೇರುವ ಹಾಲ್. ಬಿಳಿ ಸೇವಂತಿಗೆಯ ನಡುವೆ ಅಮ್ಮನ ಫೋಟೋ. ಎರಡು ಸಲ ಅಡ್ಡಬಿದ್ದೆ. ಎರಡನೇ ಸಲ ಏಳಲಾಗಲಿಲ್ಲ, ಬೋಂಗ್ ಎಬ್ಬಿಸಿದಳು.

ಚಿಕ್ಕಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ ಪಿಸುಗುಟ್ಟಿದಳು. "ಯಾರೇ ಇದು? ಗ್ಯೂಸಿಕ್‌ಗೆ ಹುಡುಗಿ ಸಿಕ್ಕಿದ್ಲಾ? ಅಕ್ಕ ನೋಡೋ ಹಾಗಿದ್ದಿದ್ರೆ..." ಸಾವಿಗೆ ಬಂದವರಿಗೆಲ್ಲ ಬಡಿಸುವ ಕೆಂಪು ಸಾರು ಬೋಂಗ್‌ಗೆ ನೆತ್ತಿಗೇರಿತು. ನನಗೆ ನಗು ಬಂತು. ನಗುತ್ತಲೇ ಅತ್ತೆ.

ಗ್ಯೂಸಿಕ್ ತೋಳಿಗೆ ಸಾವಿನ ಪಟ್ಟಿ ಕಟ್ಟಿಕೊಂಡು ಗೋಡೆಗೆ ಒರಗಿದ್ದ. ಗಡ್ಡ ಬಂದಿದೆ.

"ಫೋನ್ ಮಾಡಿ ಮಾಡಿ ಸಾಕಾಯ್ತು. ಸ್ವಿಚ್ ಆಫ್. ಎಂಥಾ ಟ್ರೈನಿಂಗ್ ಅಕ್ಕ ಅದು, ಅಮ್ಮ ಸತ್ರೂ ಕಾವಲು ಹಾಕ್ಕೊಂಡು ಬರೋದು?"

ಬೋಂಗ್ ಎರಡು ಮಾರು ದೂರದಲ್ಲಿ ಕೂತಿದ್ದಳು.

"ಬಿಡು, ಗೊತ್ತಾಯ್ತು. ಯಾವ ತಿಂಗಳು ಅಂತ ನೋಡಿದ್ರೆ ಸಾಲ್ದಾ." ದನಿ ತಗ್ಗಿಸಿದ. "ನನ್ನ ಮೂರು ಸಲ ನುಂಗ್ತು. ಅದರ ಹೊಟ್ಟೆ ತುಂಬ್ಲಿಲ್ಲ ನೋಡು."

ಹೌದು ಅನ್ನುವಂತಿಲ್ಲ. ಅಮ್ಮ ಕೊನೆಗೆ ಏನಂದಳು ಅಂತ ಕೇಳಿದೆ.

"ನಿನ್ನನ್ನೇ ಕೇಳ್ತಿದ್ಳು. ಎಚ್ಚರ ಆದಾಗೆಲ್ಲ ಅದೇ. ನೋಡಕ್ಕಾಗ್ದೆ ವಾರ್ಡಿನ ಆಯಾ ಹುಡುಗಿಗೆ ಫೋನ್ ಕೊಟ್ಟು, ಹೊರಗೆ ನಿಲ್ಸಿ, ನೀನೇ ಅಂತ ಮಾತಾಡಿಸ್ದೆ."

"ನಂಬಿದ್ಳಾ?"

"ಮುಖ ಅರಳ್ತು."

"ಏನು ಮಾತಾಡಿದ್ಳು ಗ್ಯೂಸಿಕ್?"

"ಈಗ ಬೇಡ ಅಕ್ಕ. ಈಗ ಹೇಳಿದ್ರೆ ನೀನು ವಾಪಸ್ ಹೋಗಲ್ಲ. ಎಲ್ಲ ಮುಗಿಸ್ಕೊಂಡು ಬಾ. ಹೇಳ್ತೀನಿ."

ಅಮ್ಮ ಕೊನೆಯದಾಗಿ ನನ್ನ ಜೊತೆ ಮಾತಾಡಿದ್ದಾಳೆ. ನನಗೇ ಗೊತ್ತಿಲ್ಲ.

ಬೋಂಗ್ ಎದ್ದು ನಿಂತಳು. ಹೊರಡಬೇಕು. ಚಿಕ್ಕಮ್ಮ ಎಲ್ಲರಿಗೂ ಕೇಳುವ ಹಾಗೆ ಅಂದಳು, "ಮಣ್ಣಿಗೂ ನಿಲ್ಲಲ್ವೇನೇ? ಅಷ್ಟು ಓದಿಸಿದ್ದಕ್ಕೆ ಒಳ್ಳೇ ಫಲ ಉಂಡ್ಲು ನಮ್ಮಕ್ಕ."

ಕಾರಿನಲ್ಲಿ ಬೋಂಗ್ ನನ್ನ ಸೀಟ್ ಬೆಲ್ಟನ್ನೂ ತಾನೇ ಹಾಕಿದಳು.

ನವೆಂಬರ್ 13

ಪತ್ರಿಕೆ ಅಚ್ಚಾಗಿ ಹೋಗಿದೆ. ಕೆಲಸವಿಲ್ಲ, ಆದರೂ ಬಿಡುವುದಿಲ್ಲ. ಅಂಗಳದಲ್ಲಿ ಎಲ್ಲರೂ ಪಿಂಗ್‌ಪಾಂಗ್ ಆಡುತ್ತಿದ್ದಾರೆ.

ಹ್ವಾಜಾ ಟೀಚರ್ ಪೇರ್ ಹಣ್ಣು ಹೆಚ್ಚಿ ತಂದು ಪಕ್ಕದಲ್ಲಿಟ್ಟರು. ಅಮ್ಮನನ್ನು ಮಣ್ಣು ಮಾಡುವಾಗ ನಾನಿಲ್ಲಿ ಕೂತು, ಅಲ್ಪವಿರಾಮ ಬೇಕೋ ಬೇಡವೋ ಅಂತ ಜಗಳವಾಡುತ್ತಿದ್ದೆ ಅಂದೆ.

"ಆರು ಲಕ್ಷ ಮಕ್ಕಳಿಗೋಸ್ಕರ ಅಲ್ವಾ," ಅಂದರು. ಸಮಾಧಾನಕ್ಕೆ ಅಂದದ್ದು. ಪರೀಕ್ಷೆಯನ್ನು ಬೈಯುವವರೇ ಹೀಗಂದರಲ್ಲ ಅಂತ ಇನ್ನೂ ಹೆಚ್ಚು ಅಳು ಬಂತು. ಆರು ಲಕ್ಷದಲ್ಲಿ ನನ್ನಂಥವರು ಎಷ್ಟು, ಗ್ಯೂಸಿಕ್‌ನಂಥವರು ಎಷ್ಟು. ಯಾರು ಲೆಕ್ಕ ಇಟ್ಟಿದ್ದಾರೆ.

ನವೆಂಬರ್ 17, ಸಂಜೆ, ಬಸ್ಸಿನಲ್ಲಿ

ಕೊನೆಯ ಪತ್ರಿಕೆ ಶುರುವಾದ ಮೇಲೆ ಬಿಟ್ಟರು. ಫೋನ್ ಕೈಗೆ ಬಂತು. ಗ್ಯೂಸಿಕ್ ಮೊದಲ ರಿಂಗಿಗೇ ಎತ್ತಿದ.

"ಈಗ ಹೇಳು," ಅಂದೆ.

ಅಮ್ಮನ ತಲೆಯಲ್ಲಿ ನಾನಿನ್ನೂ ಶಾಲೆ ಹುಡುಗಿಯಂತೆ. ಆ ಆಯಾಗೆ, ಅಂದರೆ ನನಗೆ, ಹೇಳಿದಳಂತೆ: "ಸುನಿಮ್, ಅವಸರ ಮಾಡ್ಬೇಡ. ನಿಧಾನಕ್ಕೆ ಬರಿ ಕಂದ. ನಾನಿಲ್ಲೇ ಪರೀಕ್ಷೆ ಗೇಟಲ್ಲಿ ನಿಂತಿದ್ದೀನಿ. ನೀನು ಬರೋ ತನಕ ಎಲ್ಲಿಗೂ ಹೋಗಲ್ಲ."

"ಹೋಗ್ಲೇ ಇಲ್ಲ ಅಕ್ಕ. ಡಾಕ್ಟ್ರು ಇವತ್ತು ಇವತ್ತು ಅಂತಾರೆ, ಇವಳು ಹೋಗಲ್ಲ. ಉಸಿರು ಎಳೆಯೋದು ನೋಡಕ್ಕಾಗ್ತಿರಲಿಲ್ಲ. ಕೊನೆಗೆ ನಾನೇ ಕಿವಿ ಹತ್ರ ಹೋಗಿ ಹೇಳ್ದೆ."

"ಏನಂತ?"

"ಗಂಟೆ ಹೊಡೀತಮ್ಮಾ. ಅಕ್ಕ ಹೊರಗೆ ಬಂದ್ಳು. ಚೆನ್ನಾಗಿ ಬರ್ದಿದ್ದಾಳಂತೆ. ನಿಂತಿದ್ದು ಸಾಕು, ನಡಿ... ಅಂದೆ."

ಅವನ ಲಾರಿಯ ಇಂಡಿಕೇಟರ್ ಟಿಕ್ ಟಿಕ್ ಅನ್ನುವುದು ಕೇಳುತ್ತಿತ್ತು. ನಾನು ಬರುವುದರೊಳಗೆ ಅವಳನ್ನು ಕಳಿಸಿಕೊಟ್ಟೆ, ಸಿಟ್ಟಾ ಅಂತ ಕೇಳಿದ. ಇಲ್ಲ ಕಣೋ ಅಂದೆ. ಇಲ್ಲ. ನಾನು ಮಾಡಬೇಕಿದ್ದದ್ದನ್ನು ನೀನು ಮಾಡಿದೆ ಅಂದೆ.

ಬಸ್ಸು ಯಾವುದೋ ಊರಿನ ಸಿಗ್ನಲ್ಲಿನಲ್ಲಿ ನಿಂತಿದೆ. ಪಕ್ಕದಲ್ಲೇ ಶಾಲೆ. ರಸ್ತೆಯ ತನಕ ಅಮ್ಮಂದಿರು, ಕೈಯಲ್ಲಿ ಫ್ಲಾಸ್ಕು, ಮಡಚಿದ ಕೋಟು. ಮಕ್ಕಳು ಹೊರಗೆ ಬರುತ್ತಿದ್ದಾರೆ.

ನಾನು ಬರೆದ ದಿನ ಅಮ್ಮ ಶೆಡ್ಡಿನಿಂದ ನೇರ ಬಂದಿದ್ದಳು. ಎಲ್ಲರಿಗಿಂತ ಕುಳ್ಳಿ, ಜನರ ಹಿಂದೆ ಮುಚ್ಚಿಹೋಗಿದ್ದಳು. ನನಗೆ ಕಾಣಲಿ ಅಂತ ಕೆಂಪು ರಬ್ಬರ್ ಗ್ಲೌಸನ್ನೇ ಎತ್ತಿ ಎತ್ತಿ ಬೀಸುತ್ತಿದ್ದಳು. ಕಂಡ ಕೂಡಲೇ ಓಡಿದೆ. ಅವಳು ಹೇಗೆ ಬರೆದೆ ಅಂತ ಕೇಳಲಿಲ್ಲ, ಗ್ಲೌಸನ್ನು ಕಂಕುಳಿಗೆ ಸಿಕ್ಕಿಸಿ ನನ್ನ ಕೈ ಹಿಡಿದು, ನಡಿ ಅಂದಳು.