ಹಿತ್ತಲ ಕೊಟ್ಟಿಗೆಯ ಚಂಪಿ

ಘಾಟಬೋರಾಳ
೨೨-೧-೧೯೭೯

ಚಿ. ಸೌ. ಮಹಾನಂದಾಗೆ ನಿನ್ನ ಅವ್ವನ ಆಶೀರ್ವಾದ.

ಕಲ್ಯಾಣದಲ್ಲಿ ನೀನೂ ಅಳಿಯಂದಿರೂ ಸುಖವಾಗಿದ್ದೀರೆಂದು ತಿಳಿದೆ. ನಿನ್ನ ಎರಡು ಕಾಗದಗಳು ಬಂದು ಗೋಡೆಯ ಮಾಡದಲ್ಲಿ ಕೂತಿವೆ. ಎಳ್ಳಮಾವಾಸ್ಯೆಯ ಗಡಿಬಿಡಿ ಎಂದು ನೆಪ ಹೇಳಬಹುದಿತ್ತು, ಆದರೆ ಹಬ್ಬಕ್ಕೆ ಕಾಳು-ಸೊಪ್ಪಿನ ಭಜ್ಜಿ ಮಾಡಿದ ಗಡಿಗೆ ತೊಳೆದಿಟ್ಟು ಎಷ್ಟೋ ದಿನವಾಯಿತು. ನಿನಗೆ ಬರೆಯಲು ನನಗೆ ಮುಖವಿರಲಿಲ್ಲ. ಸಿಟ್ಟಾಗಬೇಡ ತಾಯಿ. ಸಿಟ್ಟಾಗುವುದಿದ್ದರೆ ಪೂರ್ತಿ ಓದಿ ಆಮೇಲೆ ಆಗು.

ತೊಗರಿ ಚೆನ್ನಾಗಿ ಬಂದಿದೆ. ನಿಮ್ಮಪ್ಪನ ಮೊಳಕಾಲು ನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ನಿನ್ನ ಪುಸ್ತಕ ಓದಿ ಹುಮನಾಬಾದಿನ ಶಾಲೆಯ ಮಕ್ಕಳು ಚಂಪಿಯನ್ನು ನೋಡಲು ಬರುತ್ತಾರೆಂದು ನೀನು ತಿಳಿಸಿದ ದಿನದಿಂದ ಊರೆಲ್ಲ ಡಂಗುರ ಸಾರಿದ್ದೇ ಸಾರಿದ್ದು. "ನಮ್ಮ ಆಕಳ ಪುಸ್ತಕದಾಗ ಬಂದದ ನೋಡ್ರಿ! ಕಟ್ಟುಕಥಿ ಅಲ್ಲ, ನನ್ನ ಮಗಳು ಕಣ್ಣಲೆ ಕಂಡಿದ್ದೇ ಬರ್ದಾಳ" ಎಂದು ಹೋಟೆಲಿನಲ್ಲಿ ಕೂತವರನ್ನೂ ಬಿಡಲಿಲ್ಲ. ನನಗೂ ಹೆಮ್ಮೆ ಇರಲಿಲ್ಲವೆ? ರಜೆಗೆ ಬಂದಾಗಲೆಲ್ಲ ನೀನು ಕೊಟ್ಟಿಗೆಯಲ್ಲೇ ಕೂತು, ಚಂಪಿ ಹೇಗೆ ಮೆಲುಕು ಹಾಕುತ್ತಾಳೆ, ಹೇಗೆ ಕರು ನೆಕ್ಕುತ್ತಾಳೆ ಎಂದು ನೋಡುತ್ತಿದ್ದೆ. "ನೋಡಲಾರದ ಒಂದು ಮಾತೂ ಬರಿಯೂದಿಲ್ಲವ್ವ, ಸಣ್ಣ ಹುಡುಗರು ನಂಬಿ ಓದ್ತಾವ" ಎನ್ನುತ್ತಿದ್ದೆ.

ಶಾಲೆಯ ಮಕ್ಕಳು ಬರುವ ಹಿಂದಿನ ದಿನ ಚಂಪಿಯ ಮೈ ತೊಳೆಯಲು ಹೋದೆ. ಪುಸ್ತಕದ ಚಿತ್ರದಲ್ಲಿ ತುಂಬಿದ ಮೈ, ಹೊಳೆಯುವ ಕಣ್ಣು. ಇಲ್ಲಿ ಎಲುಬೆಲ್ಲ ಎದ್ದು ನಿಂತ ಮುದುಕಿ, ಒಂದು ಕಣ್ಣಿಗೆ ಪೊರೆ. ವಯಸ್ಸಾಯಿತು ಎಂದು ನಿನ್ನ ಬಾಯಿ ಮುಚ್ಚಿಸಲಾರೆ. ಹಾಲು ಕೊಡುವವಕ್ಕೆ ಹಸಿ ಮೇವು, ಇವಳಿಗೆ ಅವು ಬಿಟ್ಟ ಒಣ ಜೋಳದ ಕಣಿಕೆಯ ದಂಟು. ಹಲ್ಲಿಲ್ಲದ ಬಾಯಿಗೆ ದಂಟು! ದಿನಾ ಹಾಕಿದವಳು ನಾನೇ, ಆದರೂ ಅವಳನ್ನು ಕಣ್ಣಿಟ್ಟು ನೋಡಿದ್ದು ಅವತ್ತೇ.

ನಿಮ್ಮಪ್ಪ ಬಂದು ನೋಡಿ, "ಇದನ್ನ ತೋರಸಿದ್ರ ಮಂದಿ ಮಾರಿ ಮ್ಯಾಲ ಉಗುಳ್ತಾರ. ಜೈನಬಿ ಆಕಳ ತಂದು ಅಂಗಳದಾಗ ಕಟ್ಟೂಣು, ಬಣ್ಣ ಒಂದೇ ಅದ" ಎಂದರು. ನಾನು ಬೇಡವೆನ್ನಲಿಲ್ಲ. ಪಕ್ಕದ ಮನೆಗೆ ಹೋಗಿ ಕೇಳಿದವಳೂ ನಾನೇ. ಜೈನಬಿ ಹಗ್ಗ ನನ್ನ ಕೈಗೆ ಕೊಟ್ಟು, "ಒಯ್ರಿ ಅಕ್ಕಾ. ಪಾಪ, ಚಂಪಿ ಏನ್ ಕಸೂರ್ ಮಾಡ್ಯಾಳ್ರಿ?" ಎಂದಳು. ಕೇಳಿಸದವಳ ಹಾಗೆ ಬಂದುಬಿಟ್ಟೆ.

ಮಕ್ಕಳು ಬಂದರು. ಎಷ್ಟು ಖುಷಿ ಅವಕ್ಕೆ! ಬೆಲ್ಲ ತಿನ್ನಿಸಿದವು, ಕೊರಳಿನ ಗಂಗೆದೊಗಲು ಸವರಿದವು. ಎರಡು ಜಡೆಯ ಒಬ್ಬ ಹುಡುಗಿ ಪುಸ್ತಕ ತೆರೆದು ಗಟ್ಟಿಯಾಗಿ ಓದಿದಳು: ಹೆಸರು ಹಿಡಿದು ಕರೆದರೆ ಚಂಪಿ ಎಲ್ಲಿದ್ದರೂ ಓಗೊಡುತ್ತಾಳೆ. ಎಲ್ಲ ಸೇರಿ "ಚಂಪೀ" ಎಂದು ಕೂಗಿದವು. ಅಂಗಳದ ಆಕಳು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಹಿತ್ತಲ ಕೊಟ್ಟಿಗೆಯಿಂದ "ಅಂಬಾ" ಎಂದು ಕೇಳಿತು. ಮತ್ತೆ ಕೂಗಿದವು, ಮತ್ತೆ ಓಗೊಟ್ಟಳು.

"ಆಯಿ, ಹಿಂದ ಯಾವ ಆಕಳ ಒದರಾಕತ್ತದ್ರಿ?" ಎಂದು ಆ ಹುಡುಗಿ ಕೇಳಿದಳು.

"ಅದಾ? ಅದು ಪಕ್ಕದ ಮನೀದವ್ವ" ಎಂದೆ. ನಿಮ್ಮಪ್ಪ ಅಲ್ಲ, ನಾನು. ನನ್ನ ನಾಲಿಗೆ ತೊದಲಲೂ ಇಲ್ಲ.

ಅವರ ಮಾಸ್ತರರು, ಬಸವಣಪ್ಪ ಎಂದು ಹೆಸರು, ನಕ್ಕು "ಇರಲಿ ಬಿಡ್ರಿ, ಪುಸ್ತಕ ಅಂದ ಮ್ಯಾಲ ನಾಕು ಮಾತು ಹೆಚ್ಚಿಗಿ ಬರೀತಾರ" ಎಂದರು. ಹುಡುಗಿ ಪುಸ್ತಕ ಮುಚ್ಚಿ ಚೀಲದಲ್ಲಿಟ್ಟಳು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಮಕ್ಕಳಿಗೆ ಶೇಂಗಾ ಹಂಚುತ್ತ ನಿಂತೆ.

ಈಗ ಚಂಪಿಗೆ ದಿನಾ ಜೋಳದ ನುಚ್ಚು ಬೇಯಿಸಿ ಹಾಕುತ್ತಿದ್ದೇನೆ. ಅವಳು ತಿನ್ನುತ್ತಾಳೆ, ನನಗೇ ಅವಳ ಮುಂದೆ ನಿಲ್ಲಲು ಆಗುವುದಿಲ್ಲ. ನೀನು ಥಂಡಿಯಲ್ಲಿ ಕಿವಿಗೆ ಕಟ್ಟಿಕೊಳ್ಳದೆ ಪಾಠ ಮಾಡಲು ಶಾಲೆಗೆ ಹೋಗಬೇಡ. ನೂರು ವರ್ಷ ಬಾಳು, ಇನ್ನೂ ಪುಸ್ತಕ ಬರೆ.

ನಿನ್ನ ಅವ್ವ,
ಸತ್ಯಮ್ಮ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಮೊನ್ನೆ ಸಂತೆಗೆ ಹುಮನಾಬಾದಿಗೆ ಹೋದಾಗ, ನಿಜ ಹೇಳಿಬಿಡೋಣವೆಂದು ಆ ಶಾಲೆಗೆ ಹೋದೆ. ಮಾಸ್ತರರು ಕುರ್ಚಿ ಹಾಕಿಸಿ ಚಹಾ ತರಿಸಿದರು. ಪ್ರಾಣಿ-ಪಕ್ಷಿಗಳ ಪುಸ್ತಕದ ಕಪಾಟಿನಿಂದ ನಿನ್ನ ಪುಸ್ತಕ ತೆಗೆದು ಕಥೆಗಳ ಕಪಾಟಿನಲ್ಲಿ ಇಟ್ಟಿದ್ದಾರೆ. "ನಿಮ್ಮ ಮಗಳ ಕಲ್ಪನಾ ಭಾಳ ಛಂದ ಅದ್ರಿ, ಓದಿದ್ರ ಖರೇ ಆಕಳ ಇದ್ದಂಗೇ ಅನಸ್ತದ" ಎಂದರು. ನಾನು "ಹೌದ್ರಿ" ಎಂದೆ. ಚಹಾ ಕುಡಿದು ಬಂದೆ.